ಅನ್ನದ ಅಣೆಕಟ್ಟು

ಜಪಾನಿನಲ್ಲಿ ನಾನಿರುವ ನಿಶಿ ಕಸಾಯಿಯಿಂದ ಮೂರು ರೈಲು ಬದಲಿಸಿ ನಾವು ಬಂದ ಈ ಜಲಾಶಯದ ಹಳ್ಳಿಯಲ್ಲಿ ಇರುವುದು ಒಂದೇ ಹೋಟೆಲು. ಸಿಗುವ ಊಟವೂ ಒಂದೇ, ಡ್ಯಾಮ್ ಕರಿ. ತಟ್ಟೆಯ ನಡುವೆ ಅನ್ನದ ಗೋಡೆ, ಒಂದು ಬದಿ ತರಕಾರಿ ಕರಿಯ ಕೆರೆ, ಇನ್ನೊಂದು ಬದಿ ಹೆಚ್ಚಿದ ಎಲೆಕೋಸು. ಗೋಡೆಗೆ ಸಿಕ್ಕಿಸಿದ ಕ್ಯಾರೆಟ್ಟೇ ತೂಬು. ಅದನ್ನು ಎಳೆದರೆ ಕರಿ ನುಗ್ಗುತ್ತದೆ. ಆ ಸಂಭ್ರಮ ನೋಡಲೆಂದೇ ಮಾಲೀಕ ಸಾತೋ ಸಾನ್ ಪಕ್ಕದಲ್ಲಿ ನಿಂತಿದ್ದರು. ಹೋಟೆಲು ಇಡುವ ಮೊದಲು ಅವರು ಇಲ್ಲಿನ ಅಣೆಕಟ್ಟಿನಲ್ಲೇ ಕೆಲಸಕ್ಕಿದ್ದವರಂತೆ.

ಮೈಸೂರಿನಿಂದ ಬಂದಿದ್ದ ಅಮ್ಮ ಕ್ಯಾರೆಟ್ ಮುಟ್ಟಲಿಲ್ಲ. ಬಾಳೆಎಲೆಯಿಂದ ಸಾರು ಓಡದಂತೆ ಅನ್ನದ ಕಟ್ಟೆ ಕಟ್ಟಿಯೇ ಜೀವನವಿಡೀ ಉಂಡವಳು. ಚಮಚದ ಬೆನ್ನಿನಿಂದ ಗೋಡೆಯನ್ನು ತಟ್ಟಿ ಇನ್ನಷ್ಟು ಗಟ್ಟಿ ಮಾಡಿದಳು.

"ಅಮ್ಮಾ, ಅದನ್ನ ಎಳೀಬೇಕು. ಅವ್ರು ಕಾಯ್ತಿದಾರೆ."

"ಎಳೆದ್ರೆ ತಟ್ಟೆ ತುಂಬಾ ಹರಿಯಲ್ವೇನೋ? ಇಷ್ಟು ಚೆನ್ನಾಗಿ ಕಟ್ಟಿರೋದನ್ನ ಯಾರಾದ್ರೂ ಒಡೀತಾರಾ?"

ಕೆರೆಯ ಕಡೆಯಿಂದಲೇ ಅನ್ನ ಕೆರೆದು, ಕರಿಗೆ ಕಲೆಸಿ ತಿನ್ನತೊಡಗಿದಳು. ಸಾತೋ ಸಾನ್ ತಟ್ಟೆಯತ್ತ ಬಗ್ಗಿದರು. ನಾನೂ ಉಸಿರು ಹಿಡಿದೆ. ಗೋಡೆ ತೆಳುವಾಯಿತು, ಆದರೆ ಒಂದು ಹನಿಯೂ ಸೋರಲಿಲ್ಲ. ಕರಿ ಮುಗಿದಾಗ ಅರ್ಧ ಅಣೆಕಟ್ಟು ಇನ್ನೂ ನಿಂತಿತ್ತು. ಸಾತೋ ಸಾನ್ ಸೊಂಟ ಬಗ್ಗಿಸಿ ಅಮ್ಮನಿಗೆ ವಂದಿಸಿದರು.

ಅಮ್ಮ ಖಾಲಿ ಕೆರೆ ತೋರಿಸಿದಳು. "ಇರ್ಲಿ ಬಿಡು. ಇಲ್ಲಿಗೆ ಸ್ವಲ್ಪ ಮೊಸರು ಬಿಡೋಕೆ ಹೇಳು."