ನೀಲಿ ಗೆರೆಯ ಅಂಗಿ

ಮೊನ್ನೆ ನೆರೆ ಸಂತ್ರಸ್ತರಿಗೆಂದು ಬಟ್ಟೆ ಸಂಗ್ರಹಿಸುವ ಹುಡುಗಿಯರು ಮನೆಗೆ ಬಂದಿದ್ದರು. ಅವರಿಗೆ ಕೊಡಲೆಂದು ಹಳೆಯ ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಒಡನೆಯೇ ಹೋಟೆಲಿನಕ್ಕ ನೆನಪಾದರು...

ಮದುವೆಯಾಗಿ ನಾನು ಆಲಂಕಾರಿಗೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ನನ್ನವರು ಅಲ್ಲಿ ಶಾಲಾ ಮಾಸ್ತರರು. ನಮ್ಮ ಬಿಡಾರಕ್ಕೆ ತಾಗಿಕೊಂಡೇ ಅಕ್ಕನ ಚಹಾ ಹೋಟೆಲು. ಗಂಡ ತೀರಿಕೊಂಡ ಮೇಲೆ ಅದನ್ನು ನಡೆಸಿ, ಒಬ್ಬನೇ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದರು. ಮಳೆಗಾಲ ಕಳೆದ ಮೇಲೆ ಅವನ ಮದುವೆಯೆಂದು ನಿಶ್ಚಯವಾಗಿತ್ತು. ಅದಕ್ಕೆಂದೇ ಪುತ್ತೂರಿನಿಂದ ಬಟ್ಟೆ ತಂದು ಹೊಲಿಸಿದ ನೀಲಿ ಗೆರೆಯ ಅಂಗಿಯನ್ನು ಅಕ್ಕ ನನಗೆ ಎರಡೆರಡು ಸಲ ತೋರಿಸಿ, ಮತ್ತೆ ನುಸಿಗುಳಿಗೆ ಹಾಕಿದ ಟ್ರಂಕಿನಲ್ಲಿ ಇಟ್ಟಿದ್ದರು.

ಆ ವರ್ಷ ಕುಮಾರಧಾರೆ ದಡ ಮೀರಿ ಹರಿಯಿತು. ಆಚೆ ದಡದಲ್ಲಿ ಒಬ್ಬ ಒಕ್ಕಲಿನವನ ಗುಡಿಸಲಿಗೆ ನೀರು ನುಗ್ಗಿದೆ ಎಂದು ಕೂಗು ಕೇಳಿದಾಗ ಅಕ್ಕನ ಮಗ ದೋಣಿ ಇಳಿಸಿದ. ಒಕ್ಕಲಿನವನನ್ನೂ ಅವನ ಹೆಂಡತಿ ಮಕ್ಕಳನ್ನೂ ಈಚೆಗೆ ದಾಟಿಸಿದ. ಉಳಿದಿದ್ದ ಅವನ ಮುದಿತಾಯಿಯನ್ನು ಕರೆತರಲು ಮತ್ತೆ ಹೋದ. ಹಿಂದಿರುಗುವಾಗ ತೇಲಿಬಂದ ಮರವೊಂದು ದೋಣಿಗೆ ಬಡಿಯಿತಂತೆ. ಮುದುಕಿಯೂ ಸಿಗಲಿಲ್ಲ, ಅವನೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನಿಂದ ಹೊಗೆ ಏಳುವುದನ್ನು ಕಂಡು ಓಡಿದೆ. ಶಾಲೆಯಲ್ಲಿ ಉಳಿದುಕೊಂಡಿದ್ದ ಮನೆ ಕಳಕೊಂಡವರಿಗಾಗಿ ಅಕ್ಕ ಗಂಜಿ ಬೇಯಿಸುತ್ತಿದ್ದರು.

"ಅಕ್ಕ, ನೀವು ಕೂತುಕೊಳ್ಳಿ. ನಾನು ಮಾಡ್ತೇನೆ" ಅಂದೆ.

"ಕೂತರೆ ನನಗೆ ಮತ್ತೆ ಏಳ್ಲಿಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ತಿ."

ಗಂಜಿ ಹೊತ್ತು ಶಾಲೆಗೆ ಹೋದೆವು. ಒಕ್ಕಲಿನವನು ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ, ಗೋಡೆಗೆ ಮುಖ ಮಾಡಿ ನಡುಗುತ್ತ ಕೂತಿದ್ದ. ಅಕ್ಕ ಅವನನ್ನು ನೋಡಿದರು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸುಮಾರು ಹೊತ್ತಿನ ಮೇಲೆ ಶಾಲೆಗೆ ಬಂದಾಗ ಕೈಯಲ್ಲಿ ಆ ಅಂಗಿಯಿತ್ತು.

"ಬೇಡ ಅಮ್ಮ... ನನ್ನಿಂದಾಗಿಯೇ ಅಲ್ವಾ..." ಎಂದು ಅವನು ಹಿಂದೆ ಸರಿದ.

"ಹಾಕ್ಕೋ. ನನ್ನ ಮಗ ನಿನ್ನನ್ನು ಕರ್ಕೊಂಡು ಬಂದದ್ದು ಚಳಿಗೆ ಸಾಯ್ಲಿಕ್ಕಲ್ಲ."

ಅವನು ಅಳುತ್ತಲೇ ತೊಟ್ಟುಕೊಂಡ. ತೋಳು ಸ್ವಲ್ಪ ಉದ್ದವಾಗಿತ್ತು. ಅಕ್ಕನೇ ಬಗ್ಗಿ ಮಡಚಿಕೊಟ್ಟರು.

ನೆರೆ ಇಳಿದ ಮೇಲೆ ಆ ಸಂಸಾರ ಕಡಬದ ಕಡೆಗೆ ಕೂಲಿಗೆ ಹೋಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ನಾನೂ ಅಕ್ಕನೂ ಕಡಬದ ಸಂತೆಗೆ ಹೋಗಿದ್ದೆವು. ಮೆಣಸು ಕೊಳ್ಳುತ್ತಿದ್ದ ಅಕ್ಕನ ಕೈಯಿಂದ ಬುಟ್ಟಿ ಜಾರಿಬಿತ್ತು.

"ಮಗಾ!"

ಜನರ ನಡುವೆ ನೀಲಿ ಗೆರೆಯ ಅಂಗಿಯ ಬೆನ್ನು... ಅದು ತಿರುಗಿತು. ಒಕ್ಕಲಿನವನು. ಅವನು ತಲೆ ತಗ್ಗಿಸಿ ಹೋಗಿಬಿಡುತ್ತಾನೆ ಎಂದುಕೊಂಡೆ. ಅವನು ಮಾತ್ರ "ಓ ಅಮ್ಮಾ" ಎಂದು ಹತ್ತಿರ ಬಂದ. ಚೆಲ್ಲಿದ ಮೆಣಸು ಹೆಕ್ಕಿ, ಬುಟ್ಟಿ ಹೊತ್ತು ಬಸ್ಸಿನವರೆಗೆ ಬಂದ.

ಬಸ್ಸಿನಲ್ಲಿ ಅಕ್ಕ ಮೆಲ್ಲಗೆ ಹೇಳಿದರು, "ಆ ಅಂಗಿ ಇನ್ನು ಹಾಕುದು ಬೇಡ ಅಂತ ಹೇಳುವ ಅಂತ ಇತ್ತು. ಬಾಯಿಗೆ ಬರ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ಮತ್ತೆ ಅವನಿಗಾದರೂ ಬೇರೆ ಎಲ್ಲುಂಟು?"

ಆಮೇಲೆ ಪ್ರತಿ ಮಳೆಗಾಲಕ್ಕೆ ಮೊದಲು ಅವನು ಬಂದು ಅಕ್ಕನ ಮಾಡಿಗೆ ಹುಲ್ಲು ಹೊದಿಸಿ ಹೋಗುತ್ತಿದ್ದ. ಯಾವಾಗಲೂ ಬೇರೆ ಅಂಗಿಯಲ್ಲಿ ಬರುತ್ತಿದ್ದ.

ನನ್ನವರಿಗೆ ಸುಳ್ಯಕ್ಕೆ ವರ್ಗವಾಯಿತು. ಅಕ್ಕ ತೀರಿಕೊಂಡ ಸುದ್ದಿ ನಮಗೆ ತಲುಪುವಾಗ ಎಲ್ಲ ಮುಗಿದಿತ್ತು. ಹೋಟೆಲಿದ್ದ ಜಾಗವೂ ಈಗ ರಸ್ತೆಗೆ ಹೋಗಿದೆ. ನನಗೆ ಅಂದಿನ ಅವರಿಗಿಂತ ಎಷ್ಟೋ ಹೆಚ್ಚು ವಯಸ್ಸಾಯಿತು. ಅಕ್ಕ ಎಂದು ಕರೆಯುತ್ತಿದ್ದವರು ನನಗಿಂತ ಚಿಕ್ಕವರಾಗಿಯೇ ಉಳಿದುಬಿಟ್ಟರು. ಒಂದು ಸಲ ನನ್ನ ಎದುರು ಕೂತು ಅವರು ಮನಸಾರೆ ಅತ್ತುಬಿಡಲಿ ಎಂದು ಈಗ ಅನಿಸುತ್ತದೆ... ಅವರು ಅತ್ತದ್ದನ್ನು ನಾನು ನೋಡಿಯೇ ಇಲ್ಲ.