ತಲೆದೂಗದೆ ಬಾಟಲಿ ಇಲ್ಲ

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಉಪ್ಪಿನಕಾಯಿ ಮಾರುತ್ತಿದ್ದ ಅಮ್ಮನ ವೆಬ್‌ಸೈಟಿನಲ್ಲಿ ಬರೀ ಫೋಟೋಗಳಿದ್ದವು. ಅದಕ್ಕೆ ಆನ್‌ಲೈನ್ ಅಂಗಡಿ ಜೋಡಿಸಿಕೊಟ್ಟವನು ನಾನು. ಗಿರಾಕಿ ಯಾರೇ ಬರಲಿ, ಅಮ್ಮ ಅವರ ಅಂಗೈಗೆ ಒಂದು ಮಾವಿನ ಮಿಡಿ ಹಾಕಿ, "ಮೊದ್ಲು ರುಚಿ ನೋಡಿ ಮಾರಾಯ್ರೆ" ಎನ್ನುವರು. ತಿಂದವರು ತಲೆದೂಗದೆ ಅಮ್ಮ ಬಾಟಲಿ ಕೊಟ್ಟವರಲ್ಲ.

ಧಾರವಾಡದಿಂದ ಮೊದಲ ಆರ್ಡರ್ ಬಂದಾಗ ನಾನು ಕುಣಿದೇಬಿಟ್ಟೆ. ಅಮ್ಮ ಕೈಕಟ್ಟಿ ನಿಂತರು.

"ರುಚಿನೇ ನೋಡ್ಲಿಲ್ಲ ಅವ್ರು. ಎಂತ ಧೈರ್ಯದ ಮೇಲೆ ಕಳ್ಸೋದು?"

ಒಂದೇ ಒಂದು ಮಿಡಿಯನ್ನು ಪುಟ್ಟ ಡಬ್ಬಿಯಲ್ಲಿಟ್ಟು, ರುಚಿ ನೋಡಿ ಕರೆ ಮಾಡಿ ಎಂಬ ಚೀಟಿ ಸೇರಿಸಿ ಕೊರಿಯರ್ ಮಾಡಿಸಿದರು. ಇದ್ದೊಬ್ಬ ಗಿರಾಕಿಯೂ ಕೈತಪ್ಪಿದನೆಂದು ನಾನು ತಲೆ ಚಚ್ಚಿಕೊಂಡೆ.

ಐದನೇ ದಿನ ಧಾರವಾಡದಿಂದ ವೀಡಿಯೊ ಕರೆ ಬಂತು. ಪರದೆಯ ತುಂಬ ಅಜ್ಜ, ಸೊಸೆ, ಮಕ್ಕಳು! ಒಂದೇ ಮಿಡಿಯನ್ನು ಹಂಚಿಕೊಂಡು ತಿಂದ ಒಂಬತ್ತು ತಲೆಗಳು ಒಟ್ಟಿಗೆ ತೂಗುತ್ತಿದ್ದವು.

"ಹಾಂ, ಈಗ ಕಳ್ಸು ಮಾರಾಯ," ಎಂದು ಅಮ್ಮ ಭರಣಿಯ ಮುಚ್ಚಳ ತೆಗೆದರು.