ದೇವರ ಮೀನು ಎಂದು ನಾನೇ ಹೇಳಿದ್ದು

ನಾನು ದಿನವೂ ಬಸ್ ಹತ್ತುವ ನಿಲ್ದಾಣದ ಹಿಂದೆ ಒಂದು ಮೂತ್ರಾಲಯವಿದೆ. ಅದರ ಮುಂದೆ ಹಾಯುವಾಗ ಸೆರಗು, ಕರ್ಚೀಫು, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡು ಎಲ್ಲರೂ ಓಡುತ್ತಾರೆ. ಮೊನ್ನೆ ನಾನು ಮಾತ್ರ ಓಡದೆ ನಿಂತುಬಿಟ್ಟೆ. ಕಣ್ಣಿಗೆ ಚುಚ್ಚಿ ಗಂಟಲಿಗೆ ಇಳಿಯುವ ಆ ಅಮೋನಿಯಾ ವಾಸನೆಗೆ ನನಗೆ ಒಬ್ಬರು ನೆನಪಾದರು. ಅವರು ಇಂಥ ಗಲೀಜಿನಲ್ಲಿ ನೆನಪಾಗಬೇಕಾದವರಲ್ಲ. ಅವರಷ್ಟು ಚೊಕ್ಕಟದ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಆದರೆ ಸತ್ತ ಶಾರ್ಕ್ ಮೀನು ಹೀಗೆಯೇ ನಾರುತ್ತದೆ. ಅದು ನನಗೆ ಗೊತ್ತಾದದ್ದು ಅವರ ಪಕ್ಕದಲ್ಲಿ ನಿಂತು...

ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಕೇರಳದ ಕಣ್ಣೂರಿನ ಕಡೆ ಕಡಲ ದಂಡೆಯ ಮಾಪಿಳ್ಳೆ ಮುಸಲ್ಮಾನರು, ಆಗಲೇ ಅರವತ್ತು ದಾಟಿತ್ತು. ಕುಶಾಲನಗರದ ಹೊರಗೆ, ಪ್ರವಾಸಿಗರ ಬಸ್ಸುಗಳು ಸಾಲುಗಟ್ಟುವ ರಸ್ತೆಯಲ್ಲಿ, ಶುಂಠಿ ಬೆಳೆದು ಮೇಲೆ ಬಂದ ಒಬ್ಬ ಯಜಮಾನರು ಅಕ್ವೇರಿಯಂ ತೆರೆದಿದ್ದರು. ಅಲ್ಲಿ ನೀರು ಮತ್ತು ಮೀನು ನೋಡಿಕೊಳ್ಳುವುದು ಕಾಕನ ಕೆಲಸ. ಮೈಕ್ ಹಿಡಿದು ಬಂದವರಿಗೆ ವಿವರಿಸುವುದು, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ಕೆಲಸ.

ಬೋರ್ಡಿನ ಮೇಲೆ 'ಕಡಲ ಜೀವಿಗಳ ಸಂರಕ್ಷಣಾ ಕೇಂದ್ರ' ಎಂದು ಬರೆಸಿದ್ದರು. ಬೆಟ್ಟದ ಜಿಲ್ಲೆಗೆ ಕಡಲು ಯಾಕೆ ಎಂದು ಯಾರೂ ಕೇಳಲಿಲ್ಲ. ಆನೆ ನೋಡಿಯಾಯಿತು, ಜಲಪಾತ ನೋಡಿಯಾಯಿತು, ಹೋಮ್ ಮೇಡ್ ಚಾಕೊಲೇಟ್ ತಿಂದಾಯಿತು, ಇನ್ನೇನಾದರೂ ಬೇಕಲ್ಲ. ಬಾಗಿಲಿಗೆ ಸಿಮೆಂಟಿನ ಶಾರ್ಕ್ ಬಾಯಿ ಕಟ್ಟಿಸಿ, ಹಲ್ಲುಗಳಿಗೆ ಕೆಂಪು ಪೇಂಟು ಬಳಿದು ರಕ್ತ ಮಾಡಿದ್ದರು. ಆ ಬಾಯೊಳಗೆ ತಲೆ ತೂರಿಸಿ ಫೋಟೊ ತೆಗೆಸಿಕೊಂಡರೆ ಅರ್ಧ ಸಂರಕ್ಷಣೆ ಮುಗಿಯುತ್ತಿತ್ತು. ಉಳಿದ ಅರ್ಧ ನನ್ನ ಮೈಕಿನಲ್ಲಿತ್ತು. ಕೇಳಿಸಿಕೊಂಡವರು ಪಕ್ಕದ ಕ್ಯಾಂಟೀನಿಗೆ ಹೋಗಿ ಶಾರ್ಕ್ ಫ್ರೈ ಇದೆಯಾ ಎಂದು ಕೇಳುತ್ತಿದ್ದರು. ಕೆಲವು ದಿನ ಇರುತ್ತಲೂ ಇತ್ತು. ಥೂ, ಈಗ ನೆನೆಸಿಕೊಂಡರೂ ಬಾಯಿ ಕಹಿಯಾಗುತ್ತದೆ.

ಅಷ್ಟೆಲ್ಲ ಆರ್ಭಟಕ್ಕೆ ಒಳಗಿದ್ದದ್ದು ಒಂದೇ ಒಂದು ಶಾರ್ಕ್. ಬಿದಿರು ಶಾರ್ಕ್ ಎನ್ನುವ ಜಾತಿ. ಮೂರಡಿಗಿಂತ ಕಡಿಮೆ ಉದ್ದ, ಮಣ್ಣಿನ ಬಣ್ಣ, ಹಗಲೆಲ್ಲ ತಳದಲ್ಲಿ ಮಲಗಿರುವ ಬಡಪಾಯಿ ಹೆಣ್ಣು. ಮೇಲೆ ಮುಚ್ಚಳವಿಲ್ಲದ ದುಂಡನೆಯ ಗಾಜಿನ ತೊಟ್ಟಿಯಲ್ಲಿ ಅದನ್ನು ಇಟ್ಟಿದ್ದರು. "ಇದೇನ್ರೀ ಶಾರ್ಕಾ? ಕಚ್ಚಲ್ವಾ?" ಎಂದು ಜನ ನನ್ನ ಮೇಲೆ ರೇಗುತ್ತಿದ್ದರು, ನಾನೇನೋ ಮೋಸ ಮಾಡಿದವಳ ಹಾಗೆ.

ಕಾಕ ಬೋರ್‌ವೆಲ್ ನೀರಿಗೆ ಮೂಟೆಗಟ್ಟಲೆ ಉಪ್ಪು ಕಲಸಿ ಕಡಲು ಮಾಡುತ್ತಿದ್ದರು. ಅಳೆಯಲು ಮೀಟರ್ ಇತ್ತು. ಆದರೂ ಬೆಳಿಗ್ಗೆ ಬಂದವರೇ ಮೊಣಕೈವರೆಗೆ ತೊಳೆದುಕೊಂಡು, ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಒಂದು ಸಣ್ಣ ಗಾಜಿನ ಶೀಸೆಗೆ ನೀರು ತುಂಬಿ ಎರಡು ಹನಿ ಔಷಧಿ ಬಿಡುತ್ತಿದ್ದರು. ನೀರು ಹಳದಿಯಾದರೆ ಸರಿ, ಹಸಿರಾದರೆ ಅಮೋನಿಯಾ, ಮೀನಿಗೆ ವಿಷ. ಮೊದಮೊದಲು ಅದು ಯಾವತ್ತೂ ನಿಂಬೆಹಣ್ಣಿನಷ್ಟು ಹಳದಿ ಇರುತ್ತಿತ್ತು.

ಒಮ್ಮೆ ನನ್ನನ್ನು ಪಂಪಿನ ಕೋಣೆಗೆ ಕರೆದರು. ತೊಟ್ಟಿಯ ನೀರೇ ಸುತ್ತಿ ಬರುವ ಒಂದು ಸಣ್ಣ ಪೆಟ್ಟಿಗೆಯಲ್ಲಿ, ಹೆಬ್ಬೆರಳಿಗಿಂತ ದೊಡ್ಡದಾದ ಕಂದು ಬಣ್ಣದ ಚೀಲದಂಥದ್ದು ತೂಗುತ್ತಿತ್ತು. ಶಾರ್ಕ್ ಇಟ್ಟ ಮೊಟ್ಟೆ. ಕಡಲಲ್ಲಿ ಹಿಡಿಯುವ ಮೊದಲೇ ಅದು ಗಬ್ಬವಾಗಿತ್ತಂತೆ. ಕಾಕ ಹಿಂದಿನಿಂದ ಟಾರ್ಚ್ ಬಿಟ್ಟರು. ಒಳಗೆ ದಾರದ ತುಂಡಿನಷ್ಟು ಮರಿ ಬಾಲ ಬಡಿಯುತ್ತಿತ್ತು.

"ಮೋಳೇ," ಎಂದರು. ಅವರ ಭಾಷೆಯಲ್ಲಿ ಮಗಳೇ ಎಂದು. "ನಾನು ಹುಡುಗ ಇರುವಾಗ ಬೋಟಲ್ಲಿ ಹೋಗಿ ಇದ್ರದ್ದು ರೆಕ್ಕೆ ಕತ್ತರಿಸಿದ್ದು ಎಷ್ಟು ಉಂಟು ಗೊತ್ತಾ? ಲೆಕ್ಕ ಇಲ್ಲ. ರೆಕ್ಕೆ ತೆಗ್ದು ಜೀವ ಇರುವಾಗ್ಲೇ ನೀರಿಗೆ ಬಿಸಾಕೋದು. ಒಂದು ಮರಿ, ಒಂದೇ ಒಂದು, ನನ್ನ ಕೈಯಿಂದ ಕಡಲಿಗೆ ವಾಪಸ್ ಹೋಗ್ಬೇಕು."

ಯಜಮಾನರು ಒಪ್ಪಿದ್ದರು. ಸೀಸನ್ ಮುಗಿದ ಮೇಲೆ ತಾಯಿಯನ್ನೂ ಮರಿಯನ್ನೂ ಕೆಳಗೆ ಕಡಲಿಗೆ ಕೊಂಡೊಯ್ಯಬಹುದು, ಬೇರೆ ಶಾರ್ಕ್ ತರಿಸುತ್ತೇನೆ ಎಂದಿದ್ದರು. ಮರಿ ಹೊರಬರಲು ಇನ್ನು ಎರಡು ತಿಂಗಳಿತ್ತು. ಆ ಕಟ್ಟಡದಲ್ಲಿ ಸಂರಕ್ಷಣೆ ಎಂಬುದು ನಿಜವಾಗಿ ನಡೆಯುತ್ತಿದ್ದದ್ದು ಆ ಪೆಟ್ಟಿಗೆಯೊಂದರಲ್ಲಿ.

ಇನ್ನು ನನ್ನ ಮನೆಯ ಮಾತು. ನಮ್ಮದು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆನಿಂತ, ಲಿಂಗ ಕಟ್ಟಿಕೊಂಡವರ ಮನೆ. ಮೀನಿನ ಹೆಸರೆತ್ತಿದರೆ ಅವ್ವ ಬಾಯಿ ಮುಕ್ಕಳಿಸುತ್ತಿದ್ದಳು. ನಾನು ಕೆಲಸದಿಂದ ಬಂದೊಡನೆ ಹಿತ್ತಲಲ್ಲೇ ತಡೆಯುತ್ತಿದ್ದಳು.

"ಅಲ್ಲೇ ನಿಂತ್ಕೊ. ತಲೆ ಮ್ಯಾಲೆ ನೀರು ಹುಯ್ಕೊಂಡು ಒಳಕ್ಕೆ ಬಾ. ಮೀನು ಮುಟ್ಟಿದ ಕೈಲಿ ಒಲೆ ಮುಟ್ಟಬ್ಯಾಡ."

ಒಂದು ತಿಂಗಳು ಹಿತ್ತಲಲ್ಲಿ ನಡುಗಿ ಸಾಕಾಗಿ, ಒಂದು ಸಂಜೆ ಹೇಳಿಬಿಟ್ಟೆ: "ಅವ್ವ, ರಾಮನಾಥಪುರದ ಮಡುವಿನಾಗೆ ದೇವರ ಮೀನು ಇಲ್ವಾ? ಹಂಗೇ ಇದೂನೂವೆ. ಯಾರೂ ಹಿಡಿಯಂಗಿಲ್ಲ, ತಿನ್ನಂಗಿಲ್ಲ."

ಅವ್ವನ ಮುಖವೇ ಬದಲಾಯಿತು. ಆ ಹೊಳೆಯ ಮಡುವಿನ ಮೀನುಗಳಿಗೆ ಪುರಿ, ಬೆಲ್ಲ ಹಾಕಿ ಕೈಮುಗಿದು ಬೆಳೆದವಳು ಅವಳು. ಮೈಮೇಲೆ ನರಹುಲಿ ಎದ್ದರೆ ಆ ಮೀನುಗಳಿಗೆ ಹರಕೆ ಹೊರುವುದು ನಮ್ಮ ಕಡೆಯ ರೂಢಿ. ಮಾರನೆಯ ದಿನ ನನ್ನನ್ನು ಹಿತ್ತಲಲ್ಲಿ ನಿಲ್ಲಿಸಲಿಲ್ಲ. ಒಲೆಯ ಮುಂದೆ ಕೂರಿಸಿ ಬಿಸಿ ರೊಟ್ಟಿ ಹಾಕಿದಳು.

ಮನೆಯಲ್ಲಿ ಇಷ್ಟು ಚೆನ್ನಾಗಿ ನಡೆದ ಮಾತು ಹೊರಗೆ ನಡೆಯದೆ ಇರುತ್ತದೆಯೇ? ಮೈಕಿನಲ್ಲೂ ಅದನ್ನೇ ಹೇಳತೊಡಗಿದೆ. ಶಾರ್ಕ್ ಕಡಲಿನ ಆರೋಗ್ಯ ಕಾಯುತ್ತದೆ, ಕಡಿಮೆ ಮರಿ ಹಾಕುತ್ತದೆ, ಕೊಂದರೆ ಮತ್ತೆ ತುಂಬುವುದಿಲ್ಲ ಎಂದು ನಾನು ಗಂಟಲು ಹರಿದುಕೊಂಡಾಗ ಆಕಳಿಸಿದವರು, ದೇವರ ಮೀನು ಎಂದ ಕೂಡಲೇ ಚಪ್ಪಲಿ ಬಿಟ್ಟು ನಿಂತರು. ಗಾಜು ಬಡಿಯುವವರು, ನೀರಿಗೆ ಕೈ ಹಾಕುವವರು ಇಲ್ಲವಾದರು. ನನಗೆ ಎಷ್ಟು ಹೆಮ್ಮೆ! ಕಾಕನ ಎದುರು ಜಂಬ ಕೊಚ್ಚಿಕೊಂಡೆ. ಅವರು ನಗಲಿಲ್ಲ.

"ದೇವ್ರು ಅನ್ಬೇಡ ಮೋಳೇ. ದೇವ್ರು ಅಂದ್ರೆ ಜನ ತಿನ್ನಕ್ಕೆ ಕೊಡ್ತಾರೆ."

ಮೊದಲು ಕೊಟ್ಟವಳು ನನ್ನ ಅವ್ವನೇ. ಬಲಗೈ ಬೆರಳಿನ ಬುಡದಲ್ಲಿ ಅವಳಿಗೆ ನರಹುಲಿ ಎದ್ದಿತ್ತು. ಒಂದು ಮಧ್ಯಾಹ್ನ ಹೊಸ ಸೀರೆ ಉಟ್ಟು, ಸೆರಗಿನಲ್ಲಿ ಪುರಿ, ಬೆಲ್ಲ ಕಟ್ಟಿಕೊಂಡು ಬಂದಳು. ನಾನು ನೋಡುತ್ತಿದ್ದಂತೆಯೇ ತೊಟ್ಟಿಗೆ ಸುರಿದು ಗಲ್ಲ ಬಡಿದುಕೊಂಡಳು. ಕಾಕ ಓಡಿ ಬಂದು ಬಲೆಯಿಂದ ಪುರಿಯನ್ನೆಲ್ಲ ತೆಗೆದರು. ಬೆಲ್ಲ ಕರಗಿ ಹೋಗಿತ್ತು. ನನ್ನ ಅವ್ವ ಎಂದು ಗೊತ್ತಾಗಿ ಕುಡಿಯಲು ನೀರು ತಂದುಕೊಟ್ಟರು.

ಅವ್ವ ಕೇರಿಗೆಲ್ಲ ಹೇಳಿದಳು. ಕೊಡ್ಲಿಪೇಟೆಯ ನೆಂಟರಿಗೂ ಸುದ್ದಿ ಹೋಯಿತು. ಜನ ಜೀಪು ಮಾಡಿಕೊಂಡು ಬಂದರು. ನರಹುಲಿ, ಇಸುಬು, ತೊನ್ನು, ಮದುವೆಯಾಗದ ಮಕ್ಕಳು, ಕೋರ್ಟಿನಲ್ಲಿದ್ದ ಜಮೀನು, ಎಲ್ಲ ಆ ಮೂಕ ಪ್ರಾಣಿಯ ತಲೆಗೆ ಕಟ್ಟಿದರು. ಪುರಿ, ಬೆಲ್ಲ, ಬಾಳೆಹಣ್ಣು, ಅರಿಸಿನ, ಕುಂಕುಮ ಎಲ್ಲ ನೀರಿಗೆ. ಇಸುಬಿನ ಕೈಯನ್ನು ತೊಟ್ಟಿಯಲ್ಲೇ ಅದ್ದಿ ತೊಳೆದವರನ್ನೂ ನಾನು ಕಂಡಿದ್ದೇನೆ. ಯಜಮಾನರು ಇದನ್ನು ತಡೆಯುವುದಿರಲಿ, ಟಿಕೆಟ್ ಕಿಟಕಿಯ ಪಕ್ಕದಲ್ಲೇ ಪುರಿ ಪೊಟ್ಟಣದ ಅಂಗಡಿ ಇಡಿಸಿದರು. "ಭಕ್ತಿಗೆ ಅಡ್ಡ ಬರಬಾರದು," ಎಂದು ಅವರು ಹೇಳಿದ ರೀತಿ ನೋಡಿದರೆ ಹುಟ್ಟುತ್ತಲೇ ವಿಭೂತಿ ಬಳಿದುಕೊಂಡು ಹುಟ್ಟಿದವರಂತಿತ್ತು.

ಕಾಕ ದಿನವಿಡೀ ಬಲೆ ಹಿಡಿದು ತೊಟ್ಟಿಯ ಸುತ್ತ ತಿರುಗಿದರು. ಅರ್ಧ ನೀರು ಚೆಲ್ಲಿ ಹೊಸದಾಗಿ ಉಪ್ಪು ಕಲಸಿದರು. ಶೋಧಿಸುವ ಯಂತ್ರದಿಂದ ಕಂದು ನೊರೆ ಉಕ್ಕಿ, ಹಳಸಿದ ಪಾಯಸದಂತೆ ನಾತ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ಶೀಸೆಯನ್ನು ನನ್ನ ಮುಖದ ಮುಂದೆ ಹಿಡಿದರು. ನೀರು ಹಸಿರಾಗಿತ್ತು.

"ನಾನು ಹೇಳಿದ್ರೆ ಆಗಲ್ಲ. ಮಾಪಿಳ್ಳೆ ಬಂದು ನಮ್ ದೇವ್ರಿಗೆ ಅಡ್ಡ ಮಾತಾಡ್ತಾನೆ ಅಂತ ಗಲಾಟೆ ಆಗ್ತದೆ. ನೀನು ಹೇಳು. ನಿನ್ ಮಾತು ಕೇಳ್ತಾರೆ. ಒಂದ್ಸಲ ಮೈಕಲ್ಲಿ ಹೇಳು, ಇದು ದೇವ್ರಲ್ಲ, ಮೀನು, ಏನೂ ಹಾಕ್ಬೇಡಿ ಅಂತ. ಆ ಮರಿ ಬರೋವರೆಗೆ ಸಾಕು."

ಹೇಳುತ್ತೇನೆ ಎಂದೆ.

ಹೇಳಲಿಲ್ಲ. ಯಜಮಾನರ ಹೆದರಿಕೆಯಿಂದ ಎಂದು ಬರೆದುಬಿಟ್ಟರೆ ನನಗೆ ಸುಲಭ. ಅದು ಸುಳ್ಳು. ಅಷ್ಟು ಹೊತ್ತಿಗೆ ಹೆಂಗಸರು ನನ್ನನ್ನು ತಾಯಿ ಎನ್ನುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಮಗುವನ್ನು ನನ್ನ ಕಾಲ ಬಳಿ ಮಲಗಿಸುತ್ತಿದ್ದರು. ಮನೆಯಲ್ಲಿ ಅವ್ವ ಬಂದವರಿಗೆಲ್ಲ, "ನಮ್ ಹುಡುಗಿ ದೇವರ ಸೇವೆ ಮಾಡ್ತಾಳೆ," ಎನ್ನುತ್ತಿದ್ದಳು. ಬಿ.ಎ.ಯಲ್ಲಿ ಮೂರನೇ ದರ್ಜೆ ತಂದವಳಿಗೆ ಅದಕ್ಕಿಂತ ಮೊದಲು ಯಾರೂ ಎದ್ದು ಜಾಗ ಬಿಟ್ಟಿರಲಿಲ್ಲ. ನನಗೆ ಅದು ಹಿಡಿಸಿತ್ತು. ಇದಕ್ಕಿಂತ ಅಸಹ್ಯವಾದ ಮಾತನ್ನು ನನ್ನ ಬಗ್ಗೆ ನಾನು ಬರೆಯಲಾರೆ. ದಿನವೂ ಮೈಕ್ ಎತ್ತಿಕೊಂಡೆ, ದಿನವೂ ನಾಳೆ ಎಂದುಕೊಂಡೆ.

ಕಾರ್ತಿಕದ ಸೋಮವಾರ ಬಂತು. ಶಿವನ ದಿನ. ಬಾಗಿಲು ಮುಚ್ಚುವವರೆಗೂ ಜನ. ಕಾಕ ಒಬ್ಬರೇ ತೊಟ್ಟಿಯ ಅಂಚಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, "ಬೇಡ, ಬೇಡ," ಎನ್ನುತ್ತಿದ್ದರು. ಅವರ ತಲೆಯ ಮೇಲಿಂದಲೇ ಪುರಿ ಎರಚಿದರು. ಬಿಳಿ ಕೂದಲಲ್ಲಿ ಪುರಿ ಸಿಕ್ಕಿಕೊಂಡು ನಿಂತಿದ್ದ ಆ ಮುಖ... ನಾನು ಆ ಕಡೆ ನೋಡದೆ ಮೈಕಿನಲ್ಲಿ ಸಾಲಾಗಿ ಬನ್ನಿ ಎನ್ನುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಮೂಗು ಸುಟ್ಟುಹೋಗುವಂಥ ವಾಸನೆ. ಶಾರ್ಕ್ ತಳದಲ್ಲಿ ಹೊಟ್ಟೆ ಮೇಲಾಗಿ ಬಿದ್ದಿತ್ತು. ಕಿವಿರುಗಳು ಕೆಂಪಗೆ ಊದಿದ್ದವು. ಕಾಕ ಪಂಪಿನ ಕೋಣೆಗೆ ಹೋಗಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರು. ತುಂಬ ಹೊತ್ತು ಹಿಡಿದರು. ಅಲ್ಲಿಗೂ ಅದೇ ನೀರು ಬರುತ್ತಿತ್ತಲ್ಲ. ಬೆರಳುದ್ದ ಬೆಳೆದು ಮೈಮೇಲೆ ಪಟ್ಟೆ ಮೂಡಿದ್ದ ಮರಿ ಒಳಗೆ ಸುರುಳಿ ಸುತ್ತಿಕೊಂಡು ಸುಮ್ಮನಿತ್ತು.

ಯಜಮಾನರು ಬಂದರು. ಮೂಗು ಮುಚ್ಚಿಕೊಂಡರು. ಐದು ನಿಮಿಷ ಯೋಚಿಸಿ ಚೆಂಡುಹೂವಿನ ಹಾರ ತರಿಸಿದರು. ಹೆಣಕ್ಕೆ ಅರಿಸಿನ, ಕುಂಕುಮ ಬಳಿದು, ಕಾರು ನಿಲ್ಲಿಸುವ ಅಂಗಳದ ಮೂಲೆಯಲ್ಲಿ ಗುಂಡಿ ತೆಗೆಸಿ ಹೂಳಿಸಿದರು. ಸುದ್ದಿ ತಿಳಿದು ಬಂದ ಹೆಂಗಸರು ಅತ್ತರು. ನಿಜವಾಗಿಯೂ ಅತ್ತರು, ಅದೇ ಹೇಸಿಗೆ. ಒಬ್ಬಳು ಹೂತ ಮಣ್ಣಿನ ಮೇಲೂ ಒಂದು ಹಿಡಿ ಪುರಿ ಹಾಕಿದಳು.

ಕಾಕ ಸತ್ತ ಮೊಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡರು. ಕಡಲಿಗೆ ಹಾಕುತ್ತೇನೆ ಎಂದರು. ನನ್ನ ಮೇಲೆ ಸಿಟ್ಟಾಗಲಿ ಎಂದು ಅವರ ಹಿಂದೆ ಹಿಂದೆಯೇ ಗೇಟಿನವರೆಗೆ ಹೋದೆ. ಸಿಟ್ಟಾಗಲಿಲ್ಲ.

"ನಾವು ಕತ್ತಿ ಹಿಡಿದು ಕೊಂದೆವು ಮೋಳೇ. ಕೊಲ್ತಾ ಇದ್ದೀವಿ ಅಂತ ನಮ್ಗೆ ಗೊತ್ತಿತ್ತು. ನೀವು ಕೈ ಮುಗಿದು ಕೊಂದ್ರಿ."

ಬಸ್ ಬಂತು, ಹತ್ತಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಅಕ್ವೇರಿಯಂ ಮುಚ್ಚಿ ಎಷ್ಟೋ ವರ್ಷವಾಯಿತು. ಅಂಗಳದ ಮೂಲೆ ಮಾತ್ರ ಬೆಳೆದಿದೆ. ಈಗ ಅಲ್ಲಿ ಟೈಲ್ಸ್ ಹಾಕಿದ ಗುಡಿ, ಸಿಮೆಂಟಿನ ಮೀನು, ಅದಕ್ಕೆ ಹಸಿರು ಸೀರೆ, ಬೆಳ್ಳಿಯ ಕಣ್ಣು. ಅವ್ವನ ನರಹುಲಿ ತಾನಾಗಿ ಉದುರಿತ್ತು. ಇಂದಿಗೂ ಅವಳು ಆ ಬೆರಳನ್ನು ಬಂದವರಿಗೆಲ್ಲ ತೋರಿಸುತ್ತಾಳೆ. ನಾನು ಬಾಯಿ ಬಿಟ್ಟರೆ, "ಬಿಡ್ತು ಅನ್ನು," ಎನ್ನುತ್ತಾಳೆ.

ಕಾಕ ಹೋದ ವರ್ಷ ತೀರಿಕೊಂಡರಂತೆ. ಅವರ ಊರಿನಿಂದ ಸಂತೆಗೆ ಮೀನು ತರುವವನೊಬ್ಬ ಹೇಳಿದ. ಮೊಟ್ಟೆಯನ್ನು ಕಡಲಿಗೆ ಹಾಕಿದರೋ ಎಂದು ಕೇಳಬೇಕೆನಿಸಿತು. ಅವನಿಗೇನು ಗೊತ್ತಿರುತ್ತದೆ...

ಮೊನ್ನೆ ಆ ವಾಸನೆ ಮೂಗಿಗೆ ಬಡಿದ ದಿನ ಬಸ್ ಬಿಟ್ಟು ಗುಡಿಗೆ ಹೋದೆ. ಪುರಿಯ ಪೊಟ್ಟಣ ಹಿಡಿದ ಒಬ್ಬ ಹೆಂಗಸು ನನ್ನನ್ನು ಕೇಳಿದಳು, "ಅಕ್ಕ, ಇಲ್ಲಿ ಹರಕೆ ಹೊತ್ರೆ ಆಯ್ತದಾ?"

"ಇದು ದೇವರಲ್ಲಮ್ಮ," ಎಂದೆ. "ಒಂದು ಮೀನು. ಬದುಕಿತ್ತು, ಅದರ ಮೊಟ್ಟೇಲಿ ಮರೀನೂ ಇತ್ತು. ನಾವೇ ಪುರಿ, ಬೆಲ್ಲ ಹಾಕಿ ಕೊಂದ್ವಿ. ಹಾಕಬೇಡಿ ಅಂತ ಹೇಳು ಅಂದಿದ್ರು, ನಾನು ಹೇಳ್ಲಿಲ್ಲ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಮೆಂಟಿನ ಮೀನಿನ ಕಡೆ ತಿರುಗಿ, ನನ್ನ ಪರವಾಗಿ ತಾನೇ ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾಯ್ತು ಕಣವ್ವ, ತಿಳೀದೆ ಆಡಿದ್ರು, ಹೊಟ್ಟೆಗೆ ಹಾಕ್ಕೊ." ಪುರಿ ಸುರಿದು, ಪೊಟ್ಟಣದ ತಳದಲ್ಲಿ ಉಳಿದದ್ದನ್ನು ಪ್ರಸಾದವೆಂದು ನನ್ನ ಕಡೆ ಚಾಚಿದಳು. ನನ್ನ ಬಲಗೈ ತಾನಾಗಿ ಮುಂದೆ ಹೋಯಿತು, ಎಡಗೈ ಅದರ ಕೆಳಗೆ ಸೇರಿತು.